ಎರೆಮಣ್ಣಿನ ಅಂಗಳಕ್ಕೆ ಟರ್ಫ್ (ಪ್ಲಾಸ್ಟಿಕ್ ಹುಲ್ಲು) ಹಾಸೋರು ಮೊದಲು ಬಸಿಗಾಲುವೆ ತೋಡಿ

ಮಂಡ್ಯ ಸುತ್ತಮುತ್ತ ಈಗ ಲೇಔಟ್ ಆಗಿರೋ ಜಾಗ ಎಷ್ಟೋ ಕಡೆ ಮೊದಲು ಗದ್ದೆ ಬಯಲು, ನಮ್ಮ ಸೈಟೂ ಅದೇ. ವರ್ಷಾನುಗಟ್ಟಲೆ ಕೆಸರು ಮಾಡಿ ನಾಟಿ ಹಾಕಿರೋ ಭೂಮಿ, ಮೇಲೆ ಎರೆಮಣ್ಣು, ಮುಕ್ಕಾಲು ಅಡಿ ಕೆಳಗೆ ತುಳಿದು ತುಳಿದು ಗಟ್ಟಿಯಾಗಿರೋ ಪದರ, ನೀರು ಅಲ್ಲಿಗೆ ಬಂದು ನಿಂತುಬಿಡುತ್ತೆ. ಭತ್ತಕ್ಕೆ ನೀರು ನಿಲ್ಲಲಿ ಅಂತಾನೇ ಹಾಗೆ ಮಾಡಿದ್ದು. ಈಗ ಅಲ್ಲೇ ಮನೆ ಕಟ್ಟಿದೀವಿ, ಒಂದು ಮಳೆ ಬಂದ್ರೆ ನಾಲ್ಕು ದಿನ ಅಂಗಳ ಪಚಪಚ, ಬೇಸಿಗೇಲಿ ನೋಡಿದ್ರೆ ಬೆರಳು ತೂರೋವಷ್ಟು ಬಿರುಕು.

ಟರ್ಫ್ ಹಾಸೋಕೆ ಮೊದಲ ಸಲ ಬಂದೋರು ಮಣ್ಣು ಮಟ್ಟ ಮಾಡಿ, ಎರಡಿಂಚು ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಚೆಲ್ಲಿ, ಟರ್ಫ್ ಹಾಸಿ ಒಂದೇ ದಿನದಲ್ಲಿ ಮುಗಿಸಿ ಹೋದ್ರು. ನೋಡೋಕೆ ಚೆನ್ನಾಗೇ ಇತ್ತು. ಮೇ ತಿಂಗಳ ಮಳೆಗೆ ಕೆಳಗಡೆ ಮಣ್ಣು ಉಬ್ಬಿ ಅಲ್ಲಲ್ಲಿ ದಿಣ್ಣೆ ಎದ್ದಿತು, ಕಾಲಿಟ್ರೆ ನೀರು ಚಿಮ್ಮೋದು, ವಾಸನೆ ಬೇರೆ. ಎತ್ತಿಸಿ ಹಾಕಿದ ಮೇಲೆ ನಮ್ಮೂರಿನ ಗಾರೆ ಮೇಸ್ತ್ರಿ ಬಂದು ನೋಡಿ "ಅಡೀಲಿ ನೀರ್ ಹೋಗಕ್ಕೆ ದಾರಿ ಮಾಡ್ದೆ ಮೇಲೆ ಏನ್ ಹಾಸುದ್ರೂ ಅಷ್ಟೇಯ ಸಾ" ಅಂದ್ರು. ಟರ್ಫು ನೀರು ಕುಡಿಯಲ್ಲ, ಅದರ ತಳದಲ್ಲಿರೋ ತೂತಿನಿಂದ ನೀರನ್ನ ಕೆಳಗೆ ಬಿಡುತ್ತೆ ಅಷ್ಟೇ, ಆಮೇಲೆ ಅದು ಎಲ್ಲಿಗೆ ಹೋಗ್ಬೇಕು ಅನ್ನೋದನ್ನ ನಾವೇ ಮಾಡ್ಬೇಕು.

ಶುರು ಮಾಡೋಕೆ ಮುಂಚೆ ಒಂದಡಿ ಅಗಲ ಒಂದಡಿ ಆಳ ಗುಂಡಿ ತೆಗೆದು ನೀರು ತುಂಬಿಸಿ, ಪೂರ್ತಿ ಇಳಿದ ಮೇಲೆ ಮತ್ತೆ ತುಂಬಿಸಿ ಸ್ಕೇಲ್ ಇಟ್ಟು ನೋಡಿ. ಗಂಟೆಗೆ ಒಂದಿಂಚೂ ಇಳಿಯಲ್ಲ ಅಂದ್ರೆ ಮಣ್ಣು ನೀರು ಇಂಗಿಸುತ್ತೆ ಅನ್ನೋ ಆಸೆ ಬಿಟ್ಟು ಪೈಪ್ ಹಾಕೋ ಲೆಕ್ಕಕ್ಕೆ ಬನ್ನಿ. ನಾಲೆ ಪಕ್ಕ ಮನೆ ಇರೋರು ನಾಲೆಗೆ ನೀರು ಬಿಟ್ಟಾಗ ಇನ್ನೊಂದ್ಸಲ ನೋಡ್ಲೇಬೇಕು. ಮಳೆ ಇಲ್ದೆ ಗುಂಡೀಲಿ ತಾನಾಗೇ ನೀರು ಬಂತು ಅಂದ್ರೆ ಅದು ನಾಲೆಯಿಂದ ಸೋರಿ ಬರೋ ಬಸಿ ನೀರು, ಅಂಥ ಕಡೆ ಅಂಗಳಾನ ಮಣ್ಣು ಹೊಡೆಸಿ ಎತ್ತರಿಸದೆ ಟರ್ಫ್‌ಗೆ ದುಡ್ಡು ಹಾಕ್ಬೇಡಿ.

ಆಮೇಲೆ ತಾರಸಿ ನೀರು. 1000 ಚದರ ಅಡಿ ತಾರಸಿ ಮೇಲೆ ಒಂದಿಂಚು ಮಳೆ ಬಿದ್ರೆ ಹೆಚ್ಚುಕಮ್ಮಿ 2300 ಲೀಟರ್ ಆಗುತ್ತೆ, ಅದೆಲ್ಲಾ ಅಂಗಳದ ಮೂಲೆಗೆ ಬಂದು ಬೀಳ್ತಿದ್ರೆ ಯಾವ ಕೆಲಸವೂ ಉಳಿಯಲ್ಲ. ಆ ಪೈಪನ್ನ ಮೊದಲು ಸಂಪ್‌ಗೋ ರಸ್ತೆ ಬದಿ ಮಳೆನೀರಿನ ಚರಂಡಿಗೋ ತಿರುಗಿಸಿ. ಯುಜಿಡಿಗೆ (ಕೊಳಚೆ ನೀರಿನ ಒಳಚರಂಡಿಗೆ) ಮಾತ್ರ ಸೇರಿಸ್ಬೇಡಿ, ಜೋರು ಮಳೇಲಿ ಅದು ತುಂಬಿ ಯಾರದೋ ಮನೆ ಬಚ್ಚಲಲ್ಲಿ ಉಕ್ಕುತ್ತೆ.

ಅಗೆಯೋದು ಮಣ್ಣು ಹದವಾಗಿರುವಾಗ. ಮುಷ್ಟೀಲಿ ಹಿಡಿದ್ರೆ ಉಂಡೆ ಆಗ್ಬೇಕು, ಬೆರಳಲ್ಲಿ ಒತ್ತಿದ್ರೆ ಪುಡಿ ಆಗ್ಬೇಕು. ಹಸಿ ಇದ್ದಾಗ ತುಳಿದ್ರೆ ಮತ್ತೆ ಗದ್ದೇನೇ ಆಗುತ್ತೆ, ಒಣಗಿ ಬಿರುಕು ಬಿಟ್ಟಾಗ ಮಾಡಿದ್ರೆ ಮಳೆಗೆ ಉಬ್ಬುತ್ತೆ. ಆರಿಂಚು ಮಣ್ಣು ತೆಗೀರಿ.

ಎಲ್ಲರೂ ತಪ್ಪೋದು ಇಲ್ಲೇ, ದಯವಿಟ್ಟು ಗಮನ ಕೊಡಿ. ಎರೆಮಣ್ಣಲ್ಲಿ ಆರಿಂಚು ತೆಗೆದು ಜಲ್ಲಿ ತುಂಬಿದ್ರೆ ಅದು ತೊಟ್ಟಿ, ನೀರೆಲ್ಲಾ ಅದರೊಳಗೇ ನಿಲ್ಲುತ್ತೆ, ಮೇಲಿಂದ ಕಾಣಲ್ಲ ಅಷ್ಟೇ. ಅದಕ್ಕೇ ಇಳಿಜಾರು ಟರ್ಫ್ ಮೇಲಲ್ಲ, ತಳದ ಮಣ್ಣಲ್ಲೇ ಇರ್ಬೇಕು, ಮನೆ ಗೋಡೆಯಿಂದ ಆಚೆಗೆ, 20 ಅಡಿಗೆ ಎರಡೂವರೆ ಇಂಚಾದ್ರೂ. ಕಣ್ಣಂದಾಜು ಬೇಡ, ಮೇಸ್ತ್ರಿ ಹತ್ರ ಟ್ಯೂಬ್ ಲೆವೆಲ್ (ಮಟ್ಟ ನೋಡೋ ನೀರಿನ ಪೈಪು) ಇರುತ್ತೆ, ಅದರಲ್ಲಿ ಹಿಡಿಸಿ. ತಗ್ಗು ಇರೋ ಕಡೆ ಉದ್ದಕ್ಕೆ ಒಂದೂವರೆ ಅಡಿ ಆಳ ಕಾಲುವೆ ತೋಡಿ, ಗದ್ದೇಲಿ ಬಸಿಗಾಲುವೆ ತೆಗೆಯೋ ಥರಾನೇ. ಅದಕ್ಕೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯೋ ಬಟ್ಟೆ) ಹಾಸಿ, ಎರಡಿಂಚು 20 ಎಂಎಂ ಜಲ್ಲಿ, ಮೇಲೆ ತೂತಿರೋ ನಾಲ್ಕಿಂಚು ಪೈಪು ತೂತು ಕೆಳಮುಖ ಮಾಡಿ, ಮತ್ತೆ ಜಲ್ಲಿ ತುಂಬಿ ಬಟ್ಟೆ ಮಡಚಿಬಿಡಿ. ಬಟ್ಟೆ ಬೇಡ ಅಂತ ಹೇಳೋರು ಸಿಗ್ತಾರೆ, ಕೇಳ್ಬೇಡಿ, ಅದಿಲ್ದಿದ್ರೆ ಎರೆಮಣ್ಣಿನ ನುಣ್ಣನೆ ಕಣ ಬಂದು ಜಲ್ಲಿ ಸಂದಿ ಕಟ್ಟಿಕೊಳ್ಳುತ್ತೆ. ಪೈಪಿನ ಇನ್ನೊಂದು ತುದಿ ಚರಂಡಿಗೆ, ಅಥವಾ ಇಂಗುಗುಂಡಿಗೆ. ಇಂಗುಗುಂಡಿ ಅಂದ್ರೆ ಎರೆಮಣ್ಣು ದಾಟಿ ಕೆಳಗಿನ ಗರಸು ಸಿಗೋವರೆಗೂ ತೋಡ್ಬೇಕು, ಪಾಯದಿಂದ ಹತ್ತಡಿ ದೂರ, ಯಾಕಂದ್ರೆ ಪಾಯದ ಹತ್ರ ಎರೆಮಣ್ಣು ನೆನೆದು ಒಣಗಿ ಮಾಡ್ತಿದ್ರೆ ಗೋಡೆ ಸೀಳುತ್ತೆ.

ಉಳಿದ ತಳಕ್ಕೂ ಬಟ್ಟೆ, ಮೇಲೆ ನಾಲ್ಕಿಂಚು 20 ಎಂಎಂ ಜಲ್ಲಿ, ಅದರ ಮೇಲೆ ಒಂದಿಂಚು ಬೇಬಿ ಜಲ್ಲಿ (ಸಣ್ಣ ಜಲ್ಲಿ), ದಿಮ್ಮಸು ಹೊಡೆಯೋದಕ್ಕಿಂತ ಪ್ಲೇಟ್ ಕಂಪ್ಯಾಕ್ಟರ್ (ಅದುರಿಸಿ ಗಟ್ಟಿ ಮಾಡೋ ಮಿಷನ್ನು) ಬಾಡಿಗೆಗೆ ತಂದ್ರೆ ಸಮ ಬರುತ್ತೆ. 300 ಚದರ ಅಡಿ ಅಂಗಳಕ್ಕೆ ದೊಡ್ಡ ಜಲ್ಲಿ 100 ಘನ ಅಡಿ ಬೇಕಾಗುತ್ತೆ. ಕ್ರಷರ್ ಧೂಳು ಸೇರಿರೋ ಜಲ್ಲಿ ಬಂದ್ರೆ ವಾಪಸ್ ಕಳಿಸಿ. ಅಂಚಿಗೆ ಕಲ್ಲು ಕಟ್ಟೋದಾದ್ರೆ ತಗ್ಗಿನ ಕಡೆ ನೀರು ಹೋಗೋಕೆ ಕಿಂಡಿ ಬಿಡಿ.

ಟರ್ಫ್ ಹಾಸೋ ಮುಂಚೆ ಅರ್ಧ ಗಂಟೆ ಮೆದುಗೊಳವೆಯಲ್ಲಿ ನೀರು ಬಿಟ್ಟು ಪೈಪಿನ ಬಾಯಿಂದ ಹೊರಗೆ ಬರುತ್ತಾ ನೋಡಿ, ಬರ್ದಿದ್ರೆ ಈಗಲೇ ಬಿಚ್ಚಿ ಸರಿಮಾಡೋದು ಸುಲಭ. ಹಾಸುವಾಗ ಎಳೆ ಎಲ್ಲಾ ಒಂದೇ ಕಡೆ ವಾಲಿರಲಿ, ಜೋಡಣೆಗೆ ಟೇಪು ಅಂಟು, ಮೇಲೆ ಚದರ ಅಡಿಗೆ ಅರ್ಧ ಕೆಜಿಯಷ್ಟು ತೊಳೆದ ಸಿಲಿಕಾ ಮರಳು.

ನಾಯಿ ಸಾಕಿರೋರು ವಾರಕ್ಕೆರಡು ಸಲ ತೊಳೀಬೇಕು. ಏಪ್ರಿಲ್ ಮಧ್ಯಾಹ್ನ ಟರ್ಫು ಬರಿಗಾಲಲ್ಲಿ ನಿಲ್ಲೋಕಾಗದಷ್ಟು ಕಾಯುತ್ತೆ, ಅದಕ್ಕೇ ಇರೋ ಮರ ಕಡೀಬೇಡಿ, ಬುಡದ ಸುತ್ತ ಮೂರಡಿ ಮಣ್ಣು ಹಾಗೇ ಬಿಡಿ. ಜೋರು ಮಳೆ ಬಂದ ಮಾರನೇ ದಿನ ಪೈಪಿನ ಬಾಯಿ ಹತ್ರ ಕೂತು ನೋಡಿ, ಎಲೆ ಕಸ ಕಟ್ಟಿದ್ರೆ ಕೈಯಲ್ಲೇ ತೆಗೆದುಬಿಡಿ, ನಾನು ವರ್ಷಕ್ಕೆ ಮೂರು ನಾಲ್ಕು ಸಲ ತೆಗೀತೀನಿ.