ಸಿವಿಗೆ ಫೋಟೋ ಬೇಕೇ? ಅರ್ಜಿ ಜರಡಿ ಹಿಡಿದವಳ ಅನುಭವ

ಕೆಲಸಕ್ಕೆ ಬಂದ ಅರ್ಜಿಗಳನ್ನು ಜರಡಿ ಹಿಡಿದು ಸಂದರ್ಶನದ ಪಟ್ಟಿ ಮಾಡಿಕೊಡುವುದು ಹಲವು ವರ್ಷಗಳಿಂದ ನನ್ನ ಕೆಲಸ. ನಡುವೆ ನಾನೇ ಕೆಲಸ ಬದಲಿಸಲು ಹೊರಟು, ನನ್ನ ಸಿವಿಯನ್ನೂ ಬೇರೆ ಬೇರೆ ದೇಶಗಳ ಕಂಪನಿಗಳಿಗೆ ಕಳಿಸಿದ್ದುಂಟು. "ಮೇಡಂ, ಫೋಟೋ ಹಾಕ್ಲಾ, ಬೇಡ್ವಾ?" ಎಂದು ಹೊಸಬರು ಕೇಳಿದರೆ ನನ್ನ ಉತ್ತರ ಚಿಕ್ಕದು: ಅವರಾಗಿ ಕೇಳದಿದ್ದರೆ ಹಾಕಬೇಡಿ. ಯಾಕೆ ಅನ್ನುವುದಕ್ಕೆ ಮಾತ್ರ ಸ್ವಲ್ಪ ಜಾಗ ಬೇಕು.

ಒಂದು ಹುದ್ದೆಗೆ ರಾಶಿ ಅರ್ಜಿ ಬಿದ್ದಾಗ ಮೊದಲ ಸುತ್ತಿನಲ್ಲಿ ಯಾರೂ ಸಿವಿ ಓದುವುದಿಲ್ಲ, ಕಣ್ಣಾಡಿಸುತ್ತಾರೆ. ಲ್ಯಾಡರ್ಸ್ ಎಂಬ ಅಮೆರಿಕದ ಉದ್ಯೋಗ ತಾಣ 2018ರಲ್ಲಿ ನೇಮಕಾತಿ ಮಾಡುವವರ ಕಣ್ಣಿನ ಚಲನೆ ಅಳೆದು, ಮೊದಲ ನೋಟಕ್ಕೆ ಸರಾಸರಿ 7.4 ಸೆಕೆಂಡ್ ಎಂದು ಹೇಳಿತ್ತು. ಅದೇ ತಾಣದ 2012ರ ಅಧ್ಯಯನದಲ್ಲಿ, ಫೋಟೋ ಇರುವ ಆನ್‌ಲೈನ್ ಪ್ರೊಫೈಲ್ ನೋಡುವಾಗ ಸಮಯದ ಶೇ 19ರಷ್ಟು ಮುಖಕ್ಕೇ ಹೋಗಿತ್ತು. ನನಗೇನೂ ಆಶ್ಚರ್ಯವಾಗಲಿಲ್ಲ. ಪುಟದಲ್ಲಿ ಮುಖವೊಂದಿದ್ದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಬೇಡವೆಂದರೂ ಹೋಗುತ್ತದೆ. ಇದ್ದ ಏಳು ಸೆಕೆಂಡಿನಲ್ಲಿ ಐದನೇ ಒಂದು ಪಾಲನ್ನು, ನಿಮ್ಮ ಕೆಲಸದ ಬಗ್ಗೆ ಏನೂ ಹೇಳದ ಒಂದು ಚೌಕಕ್ಕೆ ಯಾಕೆ ಕೊಡಬೇಕು?

ಸಮಯ ಹೋದರೆ ಹೋಗಲಿ ಅನ್ನಬಹುದಿತ್ತು. ಆದರೆ ಮುಖ ನೋಡಿದವರು ಸುಮ್ಮನಿರುವುದಿಲ್ಲ, ತೀರ್ಮಾನ ಮಾಡುತ್ತಾರೆ. ವಿಲ್ಲಿಸ್ ಮತ್ತು ಟೊಡೊರೊವ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ತೋರಿಸಿದ ಪ್ರಕಾರ, ಅಪರಿಚಿತ ಮುಖವನ್ನು ಸೆಕೆಂಡಿನ ಹತ್ತನೇ ಒಂದು ಭಾಗ ನೋಡಿದರೆ ಸಾಕು, ಈತ ನಂಬಿಕಸ್ಥ, ಈಕೆ ಸಮರ್ಥೆ ಎಂಬ ಅಭಿಪ್ರಾಯ ಆಗಿಬಿಟ್ಟಿರುತ್ತದೆ. ಇನ್ನಷ್ಟು ಹೊತ್ತು ನೋಡಿದರೆ ಅಭಿಪ್ರಾಯ ಹೆಚ್ಚೇನೂ ಬದಲಾಗುವುದಿಲ್ಲ, ಅದರ ಮೇಲಿನ ಭರವಸೆ ಮಾತ್ರ ಹೆಚ್ಚುತ್ತದೆ.

ಇದು ಪ್ಯಾನೆಲ್‌ನಲ್ಲಿ ಹೇಗೆ ಕಾಣಿಸುತ್ತದೆ ಎನ್ನಲು ಒಂದು ಉದಾಹರಣೆ. ಲೆಕ್ಕಪತ್ರ ವಿಭಾಗದ ಹುದ್ದೆ, ದಿನವಿಡೀ ಪರದೆಯ ಮುಂದೆ ಕೂರುವ ಕೆಲಸ. ಹಿರಿಯರೊಬ್ಬರು ಒಂದು ಸಿವಿ ತೆರೆದವರೇ, "ಈತ ಟೀಮ್ ಜೊತೆ ಹೊಂದ್ಕೊಳ್ಳೋದು ಕಷ್ಟ ಅನ್ಸುತ್ತೆ" ಅಂದರು. "ಅದು ಯಾವ ಸಾಲಿನಲ್ಲಿದೆ ಸರ್?" ಎಂದು ಕೇಳಿದೆ. ಅವರು ಪುಟವನ್ನು ಮೇಲಿಂದ ಕೆಳಗೆ ಒಮ್ಮೆ ಸರಿಸಿ ನೋಡಿ, "ಸಾಲಲ್ಲಿ ಇಲ್ಲಮ್ಮ, ಹಾಗೇ ಅನ್ನಿಸ್ತು" ಅಂದರು. ಸಿವಿಯಲ್ಲಿ ಇದ್ದದ್ದು ಹುಬ್ಬು ಗಂಟಿಕ್ಕಿಕೊಂಡಂತೆ ಕಾಣುವ ಒಂದು ಪಾಸ್‌ಪೋರ್ಟ್ ಸೈಜ್ ಫೋಟೋ. ಪಾಸ್‌ಪೋರ್ಟ್ ಫೋಟೋದಲ್ಲಿ ನಗಬಾರದು ಎಂದು ಸ್ಟುಡಿಯೋದವನೇ ಹೇಳಿರುತ್ತಾನೆ! ಆ ಹಿರಿಯರು ಕೆಟ್ಟವರಲ್ಲ. ಮುಖ ಇಲ್ಲದಿದ್ದರೆ ಅದೇ ಸಿವಿಯ ಮೂರನೇ ಸಾಲಿನಲ್ಲಿದ್ದ ಆಡಿಟ್ ಅನುಭವವನ್ನು ಮೊದಲು ಓದುತ್ತಿದ್ದರು, ಅಷ್ಟೇ.

ಆ ನೇಮಕಾತಿ ಮುಗಿದ ಮೇಲೆ ನಾನು ಫೋಟೋಗಳನ್ನು ತೆಗೆದು ಕಳಿಸಲು ಶುರುಮಾಡಿದೆ. ಕೇಳಲು ಸುಲಭ, ಮಾಡಲು ಕಿರಿಕಿರಿ. ಪಿಡಿಎಫ್‌ನಲ್ಲಿ ಫೋಟೋದ ಮೇಲೆ ಕರಿ ಚೌಕ ಎಳೆದರೆ ಕೆಳಗಿನ ಚಿತ್ರ ಹಾಗೇ ಉಳಿದಿರುತ್ತದೆ, ಚೌಕವನ್ನು ಆಚೆ ಸರಿಸಿದರೆ ಮುಖ ಪ್ರತ್ಯಕ್ಷ. ಹಾಗಾಗಿ ಚಿತ್ರವನ್ನೇ ಅಳಿಸಿ ಹೊಸ ಫೈಲ್ ಮಾಡಬೇಕು. ಫೋಟೋ ಜೊತೆಗೆ ಹುಟ್ಟಿದ ದಿನಾಂಕ, ಮದುವೆಯಾಗಿದೆಯೋ ಇಲ್ಲವೋ ಎಂಬ ಸಾಲು, ತಂದೆಯ ಅಥವಾ ಗಂಡನ ಹೆಸರು, ಇವನ್ನೂ ತೆಗೆದೆ. ಹೆಸರಿನ ಜಾಗದಲ್ಲಿ ಒಂದು ಸಂಖ್ಯೆ. ಪ್ಯಾನೆಲ್‌ನವರು ಮೊದಲೇ ಒಪ್ಪಿಕೊಂಡ ಅಂಶಗಳಿಗೆ ಅಂಕ ಹಾಕಿ ಕಳಿಸಿದ ನಂತರವೇ ಹೆಸರು, ಮುಖ ಎಲ್ಲ ಅವರ ಕೈಗೆ. ಅಂಕ ಬರುವವರೆಗೆ ಯಾರೂ ಅಭ್ಯರ್ಥಿಯನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಬಾರದು ಎಂಬ ನಿಯಮವನ್ನೂ ಸೇರಿಸಿದೆ. ಇಲ್ಲದಿದ್ದರೆ ಮುಂಬಾಗಿಲು ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗಾಗುತ್ತಿತ್ತು. ಈ ವ್ಯವಸ್ಥೆ ಬಂದಮೇಲೆ "ಹಾಗೇ ಅನ್ನಿಸ್ತು" ಎನ್ನುವ ಮಾತು ಮೊದಲ ಸುತ್ತಿನಲ್ಲಿ ನಿಂತಿತು. ಸಂದರ್ಶನದಲ್ಲಿ ಅದು ಮತ್ತೆ ಬರುತ್ತದೆ, ಅದಕ್ಕೆ ನನ್ನ ಬಳಿ ಮದ್ದಿಲ್ಲ. ಆದರೆ ಅಷ್ಟರೊಳಗೆ ಅಭ್ಯರ್ಥಿ ಎದುರಿಗೆ ಕೂತು ಮಾತಾಡುವ ಅವಕಾಶವನ್ನಾದರೂ ಗಳಿಸಿರುತ್ತಾನೆ.

ಫೋಟೋದಿಂದ ಆಗುವ ಇನ್ನೊಂದು ತೊಂದರೆಗೆ ಯಾವ ಪೂರ್ವಗ್ರಹವೂ ಬೇಕಿಲ್ಲ. ಅರ್ಜಿಗಳನ್ನು ಈಗ ಮೊದಲು ಸಾಫ್ಟ್‌ವೇರ್ ತೆರೆದು ಹೆಸರು, ಫೋನ್, ವಿದ್ಯಾಭ್ಯಾಸ ಎಂದು ಬಿಡಿಸಿಕೊಳ್ಳುತ್ತದೆ. ಅದಕ್ಕೆ ಅಕ್ಷರ ಬೇಕು, ಚಿತ್ರ ಬೇಡ. ಚಿತ್ರ ಸುಮ್ಮನೆ ಕೂತಿದ್ದರೆ ಹೆಚ್ಚೇನೂ ಹಾಳಿಲ್ಲ. ಆದರೆ ಫೋಟೋ ಹಾಕಲೆಂದೇ ಮಾಡಿದ ಟೆಂಪ್ಲೇಟ್‌ಗಳಲ್ಲಿ ಎಡಗಡೆ ಬಣ್ಣದ ಪಟ್ಟಿ, ಮೇಲೆ ದುಂಡಗಿನ ಮುಖ, ಅದರ ಕೆಳಗೆ ಟೆಕ್ಸ್ಟ್ ಬಾಕ್ಸ್‌ನಲ್ಲಿ ಫೋನ್ ನಂಬರ್ ಮತ್ತು ಇಮೇಲ್. ಆ ಬಾಕ್ಸ್‌ನೊಳಗಿನದನ್ನು ಕೆಲವು ಸಾಫ್ಟ್‌ವೇರ್ ಓದುವುದೇ ಇಲ್ಲ. ಒಳ್ಳೆಯ ಅಭ್ಯರ್ಥಿ, ಕರೆಯೋಣ ಎಂದರೆ ನಂಬರಿನ ಕಾಲಂ ಖಾಲಿ. ನಾನು ಮೂಲ ಫೈಲ್ ತೆರೆದು ಹುಡುಕುತ್ತೇನೆ, ಎಲ್ಲರೂ ಹುಡುಕುವುದಿಲ್ಲ. ನಿಮ್ಮ ಸಿವಿಯ ಕಥೆ ಏನೆಂದು ತಿಳಿಯಲು ಪಿಡಿಎಫ್‌ನಲ್ಲಿರುವುದನ್ನೆಲ್ಲ ಸೆಲೆಕ್ಟ್ ಮಾಡಿ, ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಅಲ್ಲಿ ಕಾಣದ್ದು, ಕಲಸುಮೇಲೋಗರವಾದದ್ದು ಆ ಕಡೆಯೂ ಹಾಗೇ ಹೋಗಿರುವ ಸಾಧ್ಯತೆ ಹೆಚ್ಚು.

ನನ್ನದೇ ಸಿವಿ ಮಾಡಲು ಕೂತಾಗ ಸ್ವಲ್ಪ ಓದಿಕೊಂಡೆ. ಇಸ್ರೇಲಿನಲ್ಲಿ ರಫಲ್ ಮತ್ತು ಶ್ಟುಡಿನರ್ ಎಂಬ ಅರ್ಥಶಾಸ್ತ್ರಜ್ಞರು 2,656 ಹುದ್ದೆಗಳಿಗೆ 5,312 ಸಿವಿ ಕಳಿಸಿ ನೋಡಿದ್ದರು. ಪ್ರತಿ ಹುದ್ದೆಗೆ ಎರಡು, ಒಂದರಲ್ಲಿ ಫೋಟೋ, ಇನ್ನೊಂದರಲ್ಲಿ ಇಲ್ಲ. ಅದು 2015ರಲ್ಲಿ ಪ್ರಕಟವಾಯಿತು. ನೋಡಲು ಚೆನ್ನಾಗಿರುವ ಗಂಡಸರಿಗೆ ಫೋಟೋದಿಂದ ಲಾಭವೇ ಆಗಿತ್ತು: ಅವರಿಗೆ ಶೇ 19.9 ಕರೆ, ಫೋಟೋ ಇಲ್ಲದ ಗಂಡಸರಿಗೆ ಶೇ 9.2. ಹೆಂಗಸರ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಚೆನ್ನಾಗಿರಲಿ, ಸಾಧಾರಣವಾಗಿರಲಿ, ಫೋಟೋ ಹಾಕಿದವರಿಗಿಂತ ಹಾಕದವರಿಗೇ ಹೆಚ್ಚು ಕರೆ. ಜರ್ಮನಿಯಲ್ಲಿ ಡೋರಿಸ್ ವೈಕ್ಸೆಲ್‌ಬೌಮರ್ ಮಾಡಿದ, 2016ರಲ್ಲಿ ಹೊರಬಂದ ಪ್ರಯೋಗ ಇನ್ನೂ ಕಟು. ಒಬ್ಬಳದೇ ಫೋಟೋ, ಒಂದೇ ಅರ್ಹತೆ. ಜರ್ಮನ್ ಹೆಸರಿದ್ದರೆ ಶೇ 18.8 ಸಂದರ್ಶನದ ಕರೆ, ಟರ್ಕಿ ಮೂಲದ ಹೆಸರಿದ್ದರೆ ಶೇ 13.5, ಅದೇ ಟರ್ಕಿ ಹೆಸರಿಗೆ ಫೋಟೋದಲ್ಲಿ ತಲೆವಸ್ತ್ರವೂ ಸೇರಿದರೆ ಶೇ 4.2. ಹೆಸರಿನಿಂದ ಆದ ನಷ್ಟಕ್ಕಿಂತ ಫೋಟೋದಲ್ಲಿ ಕಂಡದ್ದರಿಂದ ಆದ ನಷ್ಟ ದೊಡ್ಡದು. ಇದನ್ನು ಓದಿದ ಮೇಲೆ ಹೆಂಗಸಾದ ನನಗೆ ಫೋಟೋ ಹಾಕಲು ಒಂದು ಕಾರಣವೂ ಉಳಿಯಲಿಲ್ಲ. ನೋಡಲು ಚೆಂದವಿರುವ ಗಂಡಸರು ಬೇಕಾದರೆ ಹಾಕಿಕೊಳ್ಳಲಿ, ಆದರೆ ತಾವು ಆ ಗುಂಪಿನವರು ಎಂದು ತೀರ್ಮಾನಿಸುವವರು ಅವರಲ್ಲ!

ಹಾಗೆಂದು ಎಲ್ಲ ಕಡೆಗೂ ಒಂದೇ ಫೈಲ್ ನಡೆಯುವುದಿಲ್ಲ. ಅಮೆರಿಕ, ಬ್ರಿಟನ್, ಕೆನಡಾಗಳಿಗೆ ಫೋಟೋ ಇಲ್ಲದ್ದನ್ನೇ ಕಳಿಸಿದೆ. ಅಮೆರಿಕದ ಸಮಾನ ಉದ್ಯೋಗಾವಕಾಶ ಆಯೋಗವು ಅಭ್ಯರ್ಥಿಗಳಿಂದ ಫೋಟೋ ಕೇಳಬೇಡಿ, ಗುರುತಿಗೆ ಬೇಕಿದ್ದರೆ ಅವರು ಕೆಲಸ ಒಪ್ಪಿಕೊಂಡ ಮೇಲೆ ಪಡೆಯಿರಿ ಎಂದು ಕಂಪನಿಗಳಿಗೆ ಹೇಳಿದೆ. ಅಲ್ಲಿಗೆ ಫೋಟೋ ಕಳಿಸಿದರೆ ಎಚ್‌ಆರ್‌ನವರಿಗೆ ನಾವೇ ತಲೆನೋವು ತಂದುಕೊಟ್ಟಂತೆ. ಜರ್ಮನಿಯಲ್ಲಿ 2006ರ ಸಮಾನತೆ ಕಾಯ್ದೆಯ ನಂತರ ಫೋಟೋ ಕಡ್ಡಾಯವೆನ್ನುವಂತಿಲ್ಲ, ಆದರೂ ಹಳೆಯ ರೂಢಿ ಪೂರ್ತಿ ಹೋಗಿಲ್ಲ, ನಾನು ಹಾಕಲಿಲ್ಲ. ಜಪಾನಿನ ಅರ್ಜಿ ನಮೂನೆಯಲ್ಲಿ ಫೋಟೋಗೆಂದೇ ಸುಮಾರು 4 ಸೆಂ.ಮೀ. ಎತ್ತರ, 3 ಸೆಂ.ಮೀ. ಅಗಲದ ಚೌಕವಿದೆ. ಅಲ್ಲಿನ ಕಾರ್ಮಿಕ ಸಚಿವಾಲಯ 2021ರಲ್ಲಿ ಹೊಸ ಮಾದರಿ ತಂದು ಲಿಂಗದ ಕಾಲಂ ಭರ್ತಿ ಮಾಡುವುದನ್ನು ಅವರವರಿಗೇ ಬಿಟ್ಟಿತು, ಫೋಟೋ ಚೌಕ ಮಾತ್ರ ಉಳಿಯಿತು. ಚೌಕ ಇರುವಲ್ಲಿ ಅದನ್ನು ಖಾಲಿ ಬಿಟ್ಟರೆ ಅರ್ಜಿ ಅಪೂರ್ಣ ಎಂದೇ ಎಣಿಸುತ್ತಾರೆ. ಹಾಗಾಗಿ ಅಲ್ಲಿಗೆ ಹಾಕಿದೆ. ಪಕ್ಕದ ದಕ್ಷಿಣ ಕೊರಿಯಾ ಸಾರ್ವಜನಿಕ ಸಂಸ್ಥೆಗಳ ಅರ್ಜಿಯಿಂದ 2017ರಲ್ಲೇ ಫೋಟೋ ಕೈಬಿಟ್ಟಿದೆ. ಅಂದರೆ ಹೋದ ವರ್ಷ ಯಾರೋ ಹೇಳಿದ್ದನ್ನು ಈ ವರ್ಷಕ್ಕೂ ನಂಬಿಕೊಳ್ಳದೆ ಜಾಹೀರಾತನ್ನು ಪೂರ್ತಿ ಓದಿಕೊಳ್ಳಬೇಕು.

ಹಾಕಲೇಬೇಕಾದ ಆ ಫೋಟೋಗೆ ನಾನು ಮಾಡಿಕೊಂಡದ್ದು ಇಷ್ಟು. ಸೆಲ್ಫಿ ಬೇಡ ಎಂದು ನಿರ್ಧರಿಸಿದ್ದೆ. 2018ರ ಒಂದು ವೈದ್ಯಕೀಯ ಲೇಖನದ ಲೆಕ್ಕದಂತೆ, 12 ಇಂಚು ದೂರದಿಂದ ತೆಗೆದ ಚಿತ್ರದಲ್ಲಿ ಮೂಗು 5 ಅಡಿ ದೂರದಿಂದ ತೆಗೆದದ್ದಕ್ಕಿಂತ ಸುಮಾರು ಶೇ 30ರಷ್ಟು ಅಗಲ ಕಾಣುತ್ತದೆ. ನನಗಿರುವ ಮೂಗೇ ಸಾಕು. ಫೋನನ್ನು ಗೆಳತಿಯ ಕೈಗೆ ಕೊಟ್ಟು ಐದಾರು ಅಡಿ ದೂರ ನಿಲ್ಲಿಸಿ, ಹಿಂದಿನ ಕ್ಯಾಮೆರಾದಲ್ಲಿ, ಕಣ್ಣಿನ ಮಟ್ಟಕ್ಕೆ ಹಿಡಿಸಿದೆ. ಕಿಟಕಿ ನನ್ನ ಬೆನ್ನ ಹಿಂದಲ್ಲ, ಎದುರಿಗೆ, ಸ್ವಲ್ಪ ಓರೆಗೆ. ಹಿಂದೆ ಬರಿಯ ಗೋಡೆ. ಗೋಡೆಗೆ ಒರಗಿ ನಿಂತರೆ ತಲೆಯ ನೆರಳು ಬೀಳುತ್ತದೆ, ಹಾಗಾಗಿ ಎರಡು ಹೆಜ್ಜೆ ಮುಂದೆ. ಸಂದರ್ಶನಕ್ಕೆ ಹಾಕಿಕೊಳ್ಳುವ ಬಟ್ಟೆಯನ್ನೇ ಹಾಕಿಕೊಂಡೆ. ಚರ್ಮ ನುಣುಪು ಮಾಡುವ ಫಿಲ್ಟರ್ ಮುಟ್ಟಲಿಲ್ಲ, ಯಾಕೆಂದರೆ ಎದುರಿಗೆ ಹೋಗಿ ಕೂರಬೇಕಾದವಳು ನಾನೇ. ಚಿತ್ರವನ್ನು ಚೌಕದ ಅಳತೆಗೆ ಕತ್ತರಿಸಿ, ಫೈಲ್ ಗಾತ್ರ ಇಳಿಸಿ ಆಮೇಲೆ ಸೇರಿಸಿದೆ. ಫೋನಿನಿಂದ ಬಂದಂತೆಯೇ ತುರುಕಿದರೆ ಸಿವಿ ಅಪ್‌ಲೋಡ್ ಮಿತಿ ದಾಟಿಬಿಡುತ್ತದೆ.

ನಟನೆ, ಮಾಡೆಲಿಂಗ್‌ನಂಥ ಕೆಲಸಗಳಿಗೆ ಈ ಮಾತು ಅನ್ವಯಿಸುವುದಿಲ್ಲ, ಅಲ್ಲಿ ಮುಖವೇ ಅರ್ಹತೆಯ ಭಾಗ. ಲಿಂಕ್ಡ್‌ಇನ್‌ನಲ್ಲಿ ನನ್ನ ಫೋಟೋ ಇದೆ. ಅದು ಪರಿಚಯದವರು ಗುರುತು ಹಿಡಿಯಲಿ ಎಂದು, ಅದರ ಲೆಕ್ಕವೇ ಬೇರೆ.

ಉಳಿದದ್ದು, ಕುರ್ಚಿಯಲ್ಲಿ ಕೂತು ಮಾಡುವ ಕೆಲಸಕ್ಕೂ ಜಾಹೀರಾತಿನಲ್ಲಿ 'ಇತ್ತೀಚಿನ ಫೋಟೋ ಕಡ್ಡಾಯ' ಎಂದು ಬರೆಯುವವರು. ಅಂಥ ಒಂದು ಕಡೆಗೆ ನಾನು ಫೋಟೋ ಇಲ್ಲದ ಸಿವಿಯನ್ನೇ ಕಳಿಸಿ, ಜೊತೆಗೆ ಒಂದು ಸಾಲು ಬರೆದೆ: "ಗುರುತಿನ ದಾಖಲೆಗಾಗಿ ಫೋಟೋ ಬೇಕಿದ್ದರೆ ದಯವಿಟ್ಟು ತಿಳಿಸಿ, ಪ್ರತ್ಯೇಕ ಫೈಲಾಗಿ ಕಳಿಸುತ್ತೇನೆ." ಮರುದಿನ ಆ ಕಂಪನಿಯ ಹೆಂಗಸೊಬ್ಬರಿಂದ ಫೋನ್ ಬಂತು. ಆಕೆ ಫೋಟೋ ಮಾತೇ ಎತ್ತಲಿಲ್ಲ, ಹಿಂದಿನ ಕೆಲಸ ಯಾಕೆ ಬಿಡುತ್ತಿದ್ದೀರಿ ಎಂದು ಕೇಳಿದರು. ಕೊನೆಗೆ ನಾನೇ, "ಫೋಟೋ ಕಳಿಸಬೇಕಾ ಮೇಡಂ?" ಎಂದೆ. "ಅಯ್ಯೋ, ಅದು ಹಳೇ ಜಾಹೀರಾತಿನ ಸಾಲು, ಹಾಗೇ ಕಾಪಿ ಮಾಡ್ತಾ ಬಂದಿದೀವಿ" ಅಂದರು.