ಕುಚ್ಚಲಕ್ಕಿ ಬೇಯಿಸಲು ಕಾಲು ಗಂಟೆ ಗ್ಯಾಸ್ ಸಾಕು

ನಮ್ಮ ಕಡೆ ಸಿಲಿಂಡರ್ ಬೇಗ ಖಾಲಿಯಾಗಲು ದೊಡ್ಡ ಕಾರಣ ಕುಚ್ಚಲಕ್ಕಿ. ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ, ಕಾಲು ಗಂಟೆಯಲ್ಲಿ ಅನ್ನವಾಗುತ್ತದೆ. ಕುಚ್ಚಲಕ್ಕಿಗೆ ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಬೇಕು, ಕೆಲವು ಅಕ್ಕಿಗೆ ಒಂದು ಗಂಟೆಯೂ ಸಾಲದು. ಹಾಗಂತ ಬೆಳ್ತಿಗೆ ಉಣ್ಣಲು ನಮ್ಮಲ್ಲಿ ಯಾರೂ ತಯಾರಿಲ್ಲ. ಸಂತೆಕಟ್ಟೆಯ ನಮ್ಮ ಮನೆಯಲ್ಲಿ ಐದು ಜನ. ನಾನು ಎಂಟೂವರೆಗೆ ಉಡುಪಿ ಬಸ್ ಹತ್ತಬೇಕು. ಒಲೆಯ ಮುಂದೆ ಒಂದು ಗಂಟೆ ನಿಲ್ಲುವ ಮಾತೇ ಇಲ್ಲ.

ಆದ್ದರಿಂದ ನಮ್ಮ ಅನ್ನ ಬೇಯುವುದು ಹೆಚ್ಚಾಗಿ ಕಂಬಳಿಯೊಳಗೆ. ರಾತ್ರಿಯೇ ಅಕ್ಕಿ ತೊಳೆದು ನೆನೆಹಾಕಿ. ಬೆಳಿಗ್ಗೆ ದಪ್ಪ ತಳದ ಪಾತ್ರೆಯಲ್ಲಿ ಅಕ್ಕಿಯ ನಾಲ್ಕು ಪಾಲು ನೀರಿಟ್ಟು, ಚೆನ್ನಾಗಿ ಕುದಿ ಬಂದ ಮೇಲೆ ಅಕ್ಕಿ ಹಾಕಿ. ಮತ್ತೆ ಕುದಿಯಲು ಶುರುವಾದ ಮೇಲೆ ಕಾಲು ಗಂಟೆ ಬಿಡಿ. ಬಿಗಿ ಮುಚ್ಚಳ ಹಾಕಿ ಒಲೆ ಆರಿಸಿ. ತಕ್ಷಣ ಪಾತ್ರೆಗೆ ನಾಲ್ಕೈದು ಹಾಳೆ ಪೇಪರ್ ಸುತ್ತಿ, ಮೇಲೆ ಹಳೆ ಕಂಬಳಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ಇಡಿ. ಎರಡು ಗಂಟೆ ಮುಚ್ಚಳ ತೆಗೆಯಬಾರದು. ಇಣುಕಿ ನೋಡುವ ಅಭ್ಯಾಸ ಇದ್ದವರಿಗೆ ಈ ಅನ್ನ ಬೇಯುವುದೇ ಇಲ್ಲ.

ಪಾತ್ರೆ ಮುಕ್ಕಾಲು ತುಂಬಿರಬೇಕು. ಒಂದು ಲೋಟ ಅಕ್ಕಿಯನ್ನು ದೊಡ್ಡ ಪಾತ್ರೆಯಲ್ಲಿ ಹಾಕಿದರೆ ಬೇಗ ಆರಿಹೋಗುತ್ತದೆ. ಇಬ್ಬರೇ ಇರುವ ಮನೆಗೆ ಸಣ್ಣ ಪಾತ್ರೆಯೇ ಸರಿ. ಅತ್ತೆ ಹೇಳುವಂತೆ ಹಿಂದೆ ಬುಟ್ಟಿಯಲ್ಲಿ ಬೈಹುಲ್ಲು ತುಂಬಿ ಪಾತ್ರೆ ಹುದುಗಿಸುತ್ತಿದ್ದರಂತೆ. ಈಗ ಅಂಗಡಿಯಲ್ಲಿ ಸಿಗುವ ಥರ್ಮಲ್ ಕುಕ್ಕರ್ ಮಾಡುವುದೂ ಅದನ್ನೇ. ಕಂಬಳಿ ಇರುವಾಗ ಸುಮ್ನೆ ದುಡ್ಡು ಯಾಕೆ?

ಒಂದು ಎಚ್ಚರಿಕೆ. ಮೂರು ನಾಲ್ಕು ಗಂಟೆಯೊಳಗೆ ತೆಗೆದು ಬಸಿದುಬಿಡಿ. ಉಗುರು ಬೆಚ್ಚಗೆ ಆದ ಅನ್ನ ನಮ್ಮ ಸೆಕೆಗೆ ಬೇಗ ಹಳಸುತ್ತದೆ, ರಾತ್ರಿಯಿಡೀ ಇಡಲೇಬೇಡಿ. ಬಸಿದ ತೆಳಿಗೆ ಉಪ್ಪು ಹಾಕಿ ಕುಡಿಯಬಹುದು. ಉಳಿದದ್ದನ್ನು ಸೋಸಿ, ನೀರು ಬೆರೆಸಿ ಕಾಟನ್ ಸೀರೆಗೆ ಗಂಜಿ ಹಾಕಿ. ಮಳೆಗಾಲದಲ್ಲಿ ಮಾತ್ರ ಬೇಡ. ಗಂಜಿ ಹಾಕಿದ ಸೀರೆ ಕಪಾಟಿನಲ್ಲಿ ಬೂಸ್ಟು ಹಿಡಿಯುತ್ತದೆ.

ಇನ್ನು ತೆಂಗಿನಕಾಯಿ. ಗಸಿ, ಸುಕ್ಕ, ಚಟ್ನಿ ಎಲ್ಲಕ್ಕೂ ಕಾಯಿ ಬೇಕು. ಒಡೆದ ಮೇಲೆ ಕಣ್ಣಿರುವ ಕಡಿಯನ್ನು ಮೊದಲು ಖರ್ಚು ಮಾಡಿ. ಕಣ್ಣಿಲ್ಲದ ಕಡಿ ಸ್ವಲ್ಪ ಜಾಸ್ತಿ ತಾಳುತ್ತದೆ. ದಿನಾ ಒಂದೊಂದು ತುರಿಯುವುದಕ್ಕಿಂತ ಭಾನುವಾರ ನಾಲ್ಕೈದು ಕಾಯಿ ಒಟ್ಟಿಗೆ ತುರಿದರೆ ತುರಿಮಣೆ ತೊಳೆಯುವ ಕೆಲಸವೂ ಒಂದೇ ಸಲ. ತುರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಪ್ಪಳದಷ್ಟು ತೆಳ್ಳಗೆ ಹರಡಿ ಫ್ರೀಜರ್‌ನಲ್ಲಿಡಿ, ಬೇಕಾದಷ್ಟು ಮುರಿದು ತೆಗೆಯಬಹುದು. ಉಂಡೆ ಕಟ್ಟಿಟ್ಟರೆ ಬೆಳಿಗ್ಗೆ ಅದರ ಜೊತೆ ಕುಸ್ತಿ ಮಾಡಬೇಕಾಗುತ್ತದೆ.

ಫ್ರೀಜರ್‌ನಿಂದ ತೆಗೆದ ಕಾಯಿಯನ್ನು ಹಾಗೇ ಮಿಕ್ಸಿಗೆ ಹಾಕಬೇಡಿ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ತಣ್ಣಗಿನ ಕಾಯಿ ನುಣ್ಣಗಾಗದೆ ಜಿಡ್ಡು ಜಾರಿಗೆ ಅಂಟುತ್ತದೆ. ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು, ಅದೇ ನೀರು ಹಾಕಿ ರುಬ್ಬಿ.

ಮೀನು ತಿನ್ನುವವರು ಮೇ ತಿಂಗಳಲ್ಲೇ ಮಲ್ಪೆ ಕಡೆ ಹೋಗಿ ಒಣಮೀನು ತಂದಿಡಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಹಸಿಮೀನಿನ ರೇಟು ಕೇಳಿದರೆ ಬುಟ್ಟಿ ಕೆಳಗಿಟ್ಟು ವಾಪಸ್ ಬರಬೇಕು. ತಂದ ಒಣಮೀನನ್ನು ಇನ್ನೊಮ್ಮೆ ಬಿಸಿಲಿಗೆ ಹಾಕಿ, ತಲೆ ತೆಗೆದು, ಪೇಪರ್ ಸುತ್ತಿ ಗಾಳಿ ಆಡದ ಡಬ್ಬಿಯಲ್ಲಿ ತುಂಬಿ. ಒಣ ಸಿಗಡಿಯನ್ನು ಎಣ್ಣೆ ಇಲ್ಲದೆ ಸ್ವಲ್ಪ ಹುರಿದಿಟ್ಟರೆ ಚಟ್ನಿ ಎರಡೇ ನಿಮಿಷದ ಕೆಲಸ. ಬೇಳೆ, ಮೆಣಸು, ಹುಣಸೆಹುಳಿಗೂ ಮೇ ಬಿಸಿಲು ತೋರಿಸಿ. ಆಮೇಲೆ ನಾಲ್ಕು ತಿಂಗಳು ಅಂಗಳ ಒಣಗುವುದಿಲ್ಲ.

ಕರೆಂಟಿನ ವಿಷಯದಲ್ಲಿ ನೋಡಬೇಕಾದದ್ದು ಗೀಸರ್. 2,000 ವಾಟ್‌ನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್, ತಿಂಗಳಿಗೆ ಮೂವತ್ತು. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು, ದಾಟಿದ್ದಕ್ಕೆ ಮಾತ್ರ ಅಲ್ಲ. ಆದ್ದರಿಂದ ಬಿಲ್ ಬಂದ ಹದಿನೈದನೇ ದಿನ ಮೀಟರ್ ಓದಿ ಬರೆದಿಡಿ. ನೂರರ ಹತ್ತಿರ ಬಂದಿದ್ದರೆ ಇಸ್ತ್ರಿ, ಗೀಸರ್ ಎರಡಕ್ಕೂ ಕಡಿವಾಣ ಹಾಕಲು ಇನ್ನೂ ಸಮಯ ಇರುತ್ತದೆ.

ಬಚ್ಚಲಲ್ಲಿ ಹಂಡೆ ಇರುವವರಿಗೆ ಈ ಚಿಂತೆಯೇ ಇಲ್ಲ. ತೆಂಗಿನ ಸಿಪ್ಪೆ, ಗೆರಟೆ, ಮಡಲು ಎಲ್ಲ ಅಲ್ಲಿಗೇ. ಮಳೆ ಹಿಡಿಯುವ ಮೊದಲು ಕೊಟ್ಟಿಗೆಯಲ್ಲೋ ಮಾಡಿನ ಅಡಿಯಲ್ಲೋ ಒಟ್ಟಿಟ್ಟುಕೊಳ್ಳಬೇಕು ಅಷ್ಟೆ. ಹಂಡೆಯ ಮೇಲೊಂದು ಹಗ್ಗ ಕಟ್ಟಿದರೆ ಜುಲೈಯಲ್ಲೂ ಟವೆಲ್, ಒಳಬಟ್ಟೆ ಒಣಗುತ್ತದೆ. ಮಕ್ಕಳ ಯೂನಿಫಾರ್ಮ್ ಮಾತ್ರ ಅಲ್ಲಿ ಹಾಕಬೇಡಿ, ಹೊಗೆ ವಾಸನೆ ಕ್ಲಾಸಿನ ತನಕ ಹೋಗುತ್ತದೆ. ಅದಕ್ಕೆ ಫ್ಯಾನೇ ಗತಿ.