ಎಲೆಕ್ಟ್ರಾನ್‌ನ ಕಿರಿಕಿರಿಗಳನ್ನು ಒಂದು ಪ್ಲಗಿನ್‌ಗೆ ವಹಿಸಿದ ಬಗೆ

ಗೆಳೆಯನ ಮುದ್ರಣಾಲಯದಲ್ಲಿ ಹಳೆಯ ಕಡತಗಳ ದೊಡ್ಡ ರಾಶಿಯಿತ್ತು. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ ಫಾಂಟಿನಲ್ಲಿ ಕೀಲಿಸಿದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಕಾಣಿಸುವುದಿಲ್ಲ, ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ಲ್ಯಾಟಿನ್ ಅಕ್ಷರಗಳ ಸಂತೆ ನೆರೆಯುತ್ತದೆ. ಅವನ್ನು ಯೂನಿಕೋಡ್‌ಗೆ ತಂದು, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟುಕೊಂಡು ಕರಡು ತಿದ್ದಲು ಒಂದು ತಂತ್ರಾಂಶ ಮಾಡಿಕೊಡು ಎಂದ. ನನಗೆ ಚೆನ್ನಾಗಿ ಬರುವುದು ಜಾವಾಸ್ಕ್ರಿಪ್ಟ್ ಒಂದೇ. ಹಾಗಾಗಿ ಜಾವಾಸ್ಕ್ರಿಪ್ಟ್‌ನಲ್ಲೇ ಡೆಸ್ಕ್‌ಟಾಪ್ ತಂತ್ರಾಂಶ ಕಟ್ಟಲು ಎಲೆಕ್ಟ್ರಾನ್, ಅದರೊಳಗಿನ ಪುಟಗಳನ್ನು ಕಟ್ಟಲು ವ್ಯೂ 3 ಎಂಬ ಚೌಕಟ್ಟು.

ಲಿಪಿ ಪರಿವರ್ತನೆಯೇ ಕಷ್ಟದ ಕೆಲಸವೆಂದು ಭಾವಿಸಿದ್ದೆ. ಅದು ಒಂದು ವಾರದಲ್ಲಿ ಮುಗಿಯಿತು. ತಿಂಗಳುಗಟ್ಟಲೆ ಕಾಡಿದ್ದು ಒಂದು ಕಡತವನ್ನು ತೆರೆದು ಓದುವ ಕೆಲಸ.

ಎಲೆಕ್ಟ್ರಾನ್‌ನಲ್ಲಿ ಪುಟ ಒಂದು ಪ್ರೊಸೆಸ್‌ನಲ್ಲಿ (ತಂತ್ರಾಂಶದ ಪ್ರತ್ಯೇಕವಾಗಿ ಓಡುವ ಭಾಗದಲ್ಲಿ) ಓಡುತ್ತದೆ, ಡಿಸ್ಕ್ ಮುಟ್ಟುವ ಅಧಿಕಾರ ಮುಖ್ಯ ಪ್ರೊಸೆಸ್‌ಗೆ ಇರುತ್ತದೆ. ನಡುವೆ ಪ್ರಿಲೋಡ್ ಎಂಬ ಸಣ್ಣ ಕಡತ, ಅದರಲ್ಲಿ ಆಯ್ದ ಫಂಕ್ಷನ್‌ಗಳನ್ನು ಪುಟಕ್ಕೆ ಒದಗಿಸುವ ಕಾಂಟೆಕ್ಸ್ಟ್‌ಬ್ರಿಜ್ ಎಂಬ ಕಿಟಕಿ. ಹಿಂದೆ ಪುಟದಿಂದಲೇ ನೋಡ್ (ಡಿಸ್ಕ್ ಮುಟ್ಟಬಲ್ಲ ಜಾವಾಸ್ಕ್ರಿಪ್ಟ್ ವ್ಯವಸ್ಥೆ) ಕರೆಯುವ ರೂಢಿಯಿತ್ತು; 5ನೇ ಆವೃತ್ತಿಯಿಂದ ಅದು ತಾನಾಗಿ ಸಿಗುವುದಿಲ್ಲ, 12ನೇ ಆವೃತ್ತಿಯಿಂದ ಪುಟವನ್ನೂ ಪ್ರಿಲೋಡನ್ನೂ ಬೇರ್ಪಡಿಸುವುದೇ ಮೂಲ ವ್ಯವಸ್ಥೆಯಾಗಿದೆ. ಸುರಕ್ಷತೆಯ ದೃಷ್ಟಿಯಿಂದ ಇದು ಸರಿಯೇ. ಆದರೆ ಹೊಸದೊಂದು ಸೌಲಭ್ಯ ಸೇರಿಸಬೇಕಾದಾಗಲೆಲ್ಲ ಮೂರು ಕಡೆ ಕೋಡ್ ಬರೆಯಬೇಕು, ಪ್ರತಿಯೊಂದು ಪುಟದಲ್ಲೂ ಅದೇ ದೋಷಗಳನ್ನು ಮತ್ತೆ ಮತ್ತೆ ಎದುರಿಸಬೇಕು. ಆರನೆಯ ಪುಟ ಬರೆಯುವಾಗ ಸಾಕಾಗಿ, ಎಲ್ಲ ಪುಟಗಳಿಗೂ ಒಮ್ಮೆಗೇ ಸೌಲಭ್ಯ ಸೇರಿಸುವ ಒಂದು ವ್ಯೂ ಪ್ಲಗಿನ್ ಬರೆಯಲು ಕುಳಿತೆ. ವ್ಯೂ ಪ್ಲಗಿನ್ ಎಂದರೆ ಇನ್‌ಸ್ಟಾಲ್ ಎಂಬ ಒಂದು ಫಂಕ್ಷನ್ ಅಷ್ಟೇ; ಅದರೊಳಗೆ ನನ್ನ ವಸ್ತುವನ್ನು ಪ್ರೊವೈಡ್ ಮಾಡಿದರೆ ಯಾವ ಕಾಂಪೊನೆಂಟ್ (ಪುಟದ ಬಿಡಿಭಾಗ) ಬೇಕಾದರೂ ಇಂಜೆಕ್ಟ್ ಮೂಲಕ ಪಡೆಯಬಹುದು.

ಮೊದಲ ಕರಡು ಸೋಮಾರಿತನದ್ದು. ಚಾನೆಲ್‌ನ (ಸಂದೇಶ ಹೋಗುವ ಹಾದಿಯ) ಹೆಸರು ಕೊಟ್ಟರೆ ಮುಖ್ಯ ಪ್ರೊಸೆಸ್‌ನಲ್ಲಿ ಏನನ್ನಾದರೂ ಕರೆಯಬಲ್ಲ ಒಂದೇ ಫಂಕ್ಷನ್ನನ್ನು ಕಿಟಕಿಯಲ್ಲಿಟ್ಟೆ. ಮೂರು ಸಾಲಿನಲ್ಲಿ ಕೆಲಸ ಮುಗಿದಿತ್ತು, ಆದರೆ ಅದು ಮನೆಗೆ ಬೀಗ ಹಾಕಿ ಕೀಲಿಯನ್ನು ಹೊಸ್ತಿಲ ಮೇಲೆಯೇ ಬಿಟ್ಟಂತೆ. ಪುಟದೊಳಗೆ ನುಸುಳಿದ ಯಾವ ಸ್ಕ್ರಿಪ್ಟ್ ಬೇಕಾದರೂ ಎಲ್ಲವನ್ನೂ ಕರೆಯಬಹುದಿತ್ತು. ಅದನ್ನು ಅಳಿಸಿ ನಾಲ್ಕೇ ಕ್ರಿಯೆಗಳನ್ನು ಹೊರಗಿಟ್ಟೆ: ಆರಿಸು, ಓದು, ಬರೆ, ಗಮನಿಸು. ಬಳಕೆದಾರ ಆರಿಸಿದ ಫೋಲ್ಡರಿನ ಹೊರಗಿನ ಕಡತದ ದಾರಿ (ಪಾತ್) ಬಂದರೆ ಮುಖ್ಯ ಪ್ರೊಸೆಸ್ ನಿರಾಕರಿಸುತ್ತದೆ. (ಜಾವಾಸ್ಕ್ರಿಪ್ಟ್ ಕನ್ನಡ ಅಕ್ಷರಗಳ ಹೆಸರನ್ನೂ ಒಪ್ಪುವುದರಿಂದ ಮೊದಲು ಈ ಹೆಸರುಗಳನ್ನೇ ಕೋಡಿನಲ್ಲೂ ಬರೆದಿದ್ದೆ. ನಿಮಿಷಕ್ಕೆ ಹತ್ತು ಬಾರಿ ಕೀಲಿಮಣೆ ಬದಲಿಸಿ ಬೆರಳು ಸೋತು ಇಂಗ್ಲಿಷಿಗೆ ಮರಳಿದೆ.)

ಪ್ಲಗಿನ್ ನಿಜವಾಗಿ ಉಪಯೋಗಕ್ಕೆ ಬಂದದ್ದು ಪುಟಕ್ಕೂ ಮುಖ್ಯ ಪ್ರೊಸೆಸ್‌ಗೂ ನಡುವಿನ ಗಡಿ ದಾಟುವಾಗ ಮುರಿದುಬೀಳುವ ವಸ್ತುಗಳ ವಿಷಯದಲ್ಲಿ. ವ್ಯೂ ತನ್ನ ರಿಯಾಕ್ಟಿವ್ (ಬದಲಾದೊಡನೆ ಪುಟವನ್ನೂ ಬದಲಿಸುವ) ದತ್ತಾಂಶವನ್ನು ಪ್ರಾಕ್ಸಿ ಎಂಬ ಹೊದಿಕೆಯೊಳಗೆ ಸುತ್ತಿಟ್ಟಿರುತ್ತದೆ. ಅದನ್ನು ಹಾಗೆಯೇ ಮುಖ್ಯ ಪ್ರೊಸೆಸನ್ನು ಕರೆಯುವ ಇನ್‌ವೋಕ್‌ಗೆ ಕೊಟ್ಟರೆ ವಸ್ತುವಿನ ಪ್ರತಿ ಮಾಡಲಾಗದು ಎಂಬ ದೋಷ ಬರುತ್ತದೆ, ಯಾವ ವಸ್ತು ಎಂದು ಹೇಳುವುದಿಲ್ಲ. ಟು-ರಾ ಎಂಬ ಫಂಕ್ಷನ್ ಮೇಲಿನ ಪದರವನ್ನು ಮಾತ್ರ ಸುಲಿಯುತ್ತದೆ. ನನ್ನ ಸಾದಾ ವಸ್ತುವಿನ ಒಳಗೆ ರಿಯಾಕ್ಟಿವ್ ಪಟ್ಟಿಯೊಂದು ಅಡಗಿದ್ದರಿಂದ ಅರ್ಧ ದಿನ ಹೋಯಿತು. ಈಗ ಪ್ಲಗಿನ್ ತಾನೇ ಒಳಗಿನವರೆಗೆ ಸುಲಿದು ಕಳುಹಿಸುತ್ತದೆ.

ದೋಷಗಳದ್ದು ಇನ್ನೊಂದು ಕಥೆ. ಕಡತವೇ ಇಲ್ಲದಿದ್ದರೆ ನೋಡ್ ದೋಷದ ಬಗೆ ಹೇಳುವ ಒಂದು ಸಂಕೇತ (ಕೋಡ್) ಕೊಡುತ್ತದೆ, ಅನುಮತಿ ಇಲ್ಲದಿದ್ದರೆ ಇನ್ನೊಂದು. ಆದರೆ ಮುಖ್ಯ ಪ್ರೊಸೆಸ್‌ನಿಂದ ಎಸೆದ ದೋಷದ ಸಂದೇಶ ಮಾತ್ರ ಪುಟವನ್ನು ಮುಟ್ಟುತ್ತದೆ, ಕೋಡ್ ದಾರಿಯಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಮುಖ್ಯ ಪ್ರೊಸೆಸ್ ದೋಷವನ್ನು ಎಸೆಯುವ ಬದಲು, ಆಯಿತೋ ಇಲ್ಲವೋ ಎಂಬುದರ ಜೊತೆಗೆ ಕೋಡನ್ನೂ ಸಾದಾ ವಸ್ತುವಾಗಿ ಹಿಂತಿರುಗಿಸುವಂತೆ ಮಾಡಿದೆ. ಅದನ್ನು ಬಿಚ್ಚಿ ಮತ್ತೆ ದೋಷವಾಗಿ ಎಸೆಯುವ ಕೆಲಸವನ್ನು ಪ್ರಿಲೋಡ್‌ನಲ್ಲಿಟ್ಟೆ. ಕೋಡ್ ಮತ್ತೆ ಮಾಯ! ಕಾಂಟೆಕ್ಸ್ಟ್‌ಬ್ರಿಜ್ ಕೂಡ ದೋಷಕ್ಕೆ ನಾವು ಸೇರಿಸಿದ ಗುಣಗಳನ್ನು ಉಳಿಸಿಕೊಳ್ಳುವುದಿಲ್ಲ. ಬಿಚ್ಚುವ ಕೆಲಸ ಪುಟದ ಬದಿಯಲ್ಲಿ, ಎಂದರೆ ಪ್ಲಗಿನ್ ಒಳಗೇ ಆಗಬೇಕಿತ್ತು.

ಕಡತ ಬದಲಾದರೆ ಪುಟಕ್ಕೆ ತಿಳಿಸುವ 'ಗಮನಿಸು' ಕ್ರಿಯೆಯಲ್ಲೂ ಇಂಥದ್ದೇ ಎಡವಟ್ಟು. ಪುಟ ಕೊಟ್ಟ ಫಂಕ್ಷನ್ ಕಿಟಕಿ ದಾಟಿದಾಗ ಬೇರೆಯೇ ಫಂಕ್ಷನ್ ಆಗಿರುತ್ತದೆ, ಆದ್ದರಿಂದ ಅದೇ ಫಂಕ್ಷನ್ ಹೆಸರಿಸಿ ತೆಗೆದುಹಾಕು ಎಂದರೆ ಏನೂ ನಡೆಯುವುದಿಲ್ಲ. ಪುಟ ಬದಲಾದಂತೆಲ್ಲ ಸೂಚನೆಗೆ ಕಾಯುವ ಇಂಥ ಫಂಕ್ಷನ್‌ಗಳು ಬೆಳೆಯುತ್ತಾ ಹೋಗಿ, ಒಂದು ಕಡತ ಬದಲಾದರೆ ಹನ್ನೊಂದು ಬಾರಿ ಸೂಚನೆ ಬರತೊಡಗಿತು. ಈಗ ಪ್ರಿಲೋಡ್ ನಿಲ್ಲಿಸುವ ಫಂಕ್ಷನ್ನನ್ನೇ ಹಿಂತಿರುಗಿಸುತ್ತದೆ, ಪ್ಲಗಿನ್ ಅದನ್ನು ಕಾಂಪೊನೆಂಟ್ ಮುಚ್ಚುವಾಗ ತಾನಾಗಿ ಕರೆಯುತ್ತದೆ.

ನುಡಿ ಕಡತಗಳ ಓದೂ ಇಲ್ಲಿಗೇ ಬಂತು. ಯೂನಿಕೋಡ್‌ನ ಯುಟಿಎಫ್-8 ಸಂಕೇತ ಪದ್ಧತಿ ಎಂದು ಓದಿದರೆ ಅಕ್ಷರಗಳು ಮರಳಿ ಬಾರದಂತೆ ಹಾಳಾಗುತ್ತವೆ. ನೋಡ್‌ನ ಲ್ಯಾಟಿನ್-1 ಎಂದು ಓದಿದರೆ ಬಹುಪಾಲು ಸರಿ, ಆದರೆ 128ರಿಂದ 159ರವರೆಗಿನ ಬೈಟುಗಳು ಕಾಣದ ನಿಯಂತ್ರಣ ಸಂಕೇತಗಳಾಗಿಬಿಡುತ್ತವೆ. ಬೈಟುಗಳನ್ನು ಅಕ್ಷರವಾಗಿಸುವ ಟೆಕ್ಸ್ಟ್‌ಡಿಕೋಡರ್‌ಗೆ ಸಂಕೇತ ಪದ್ಧತಿ ವಿಂಡೋಸ್-1252 ಎಂದು ಹೇಳಿದ ಮೇಲೆಯೇ ಅಲ್ಲಲ್ಲಿ ಉದುರಿದ್ದ ಅಕ್ಷರಗಳು ಮರಳಿದವು.

ಸರಳಗೊಳಿಸಿದ್ದರಿಂದ ಒಂದು ಪೆಟ್ಟೂ ಬಿತ್ತು. 'ಓದು' ಅಷ್ಟು ಹಗುರವಾಗಿ ಕಂಡದ್ದರಿಂದ ಫೋಲ್ಡರಿನ ಎಲ್ಲ ಕಡತಗಳಿಗೂ ಅದನ್ನು ಒಮ್ಮೆಗೇ ಕರೆದೆ. ಗೆಳೆಯನ ಹಳೆಯ ಕಂಪ್ಯೂಟರ್ ಉಸಿರು ಬಿಗಿಹಿಡಿದು ಕುಳಿತುಬಿಟ್ಟಿತು. ಗಡಿ ದಾಟುವ ವೆಚ್ಚವನ್ನು ನಾನೇ ನನ್ನಿಂದ ಮುಚ್ಚಿಟ್ಟುಕೊಂಡಿದ್ದೆ. ಗುಂಪಾಗಿ ಪರಿವರ್ತಿಸುವ ಐದನೆಯ ಕ್ರಿಯೆ ಹುಟ್ಟಿದ್ದು ಹೀಗೆ. ಕೆಲಸವೆಲ್ಲ ಮುಖ್ಯ ಪ್ರೊಸೆಸ್‌ನ ಕಡೆಯಲ್ಲೇ ಸರದಿಯಂತೆ ನಡೆಯುತ್ತದೆ, ಪುಟಕ್ಕೆ ಎಷ್ಟಾಯಿತು ಎಂಬ ಸುದ್ದಿ ಮಾತ್ರ ಬರುತ್ತದೆ.

2024ರಲ್ಲಿ ಬಂದ ಎಲೆಕ್ಟ್ರಾನ್‌ನ 32ನೇ ಆವೃತ್ತಿಗೆ ಏರಿದಾಗ, ಕಡತವನ್ನು ತಂತ್ರಾಂಶದ ಪುಟಕ್ಕೆ ಎಳೆದು ಬಿಡುವ ಸೌಲಭ್ಯ ಕೆಟ್ಟಿತು. ಫೈಲ್ ವಸ್ತುವಿನ ಮೇಲಿದ್ದ ಪಾತ್ ಎಂಬ ಗುಣವನ್ನೇ ತೆಗೆದಿದ್ದರು. ಇನ್ನು ಮುಂದೆ ಎಲೆಕ್ಟ್ರಾನ್‌ನ ವೆಬ್‌ಯುಟಿಲ್ಸ್ ಮೂಲಕ ಕಡತದ ದಾರಿ ಕೇಳಬೇಕು. ನನ್ನ ಪುಟಗಳಲ್ಲಿ ಮೂರು ಕಡೆ ಎಳೆದು ಬಿಡುವುದಿತ್ತು. ತಿದ್ದಿದ್ದು ಪ್ರಿಲೋಡ್‌ನಲ್ಲಿ ಒಂದು ಸಾಲು, ಪ್ಲಗಿನ್‌ನಲ್ಲಿ ಒಂದು. ಅಂದು ಮಧ್ಯಾಹ್ನದ ಊಟದ ಹೊತ್ತಿಗೆ ಹೊಸ ಆವೃತ್ತಿಯನ್ನು ಗೆಳೆಯನಿಗೆ ಕಳುಹಿಸಿಯಾಗಿತ್ತು.

ಮುದ್ರಣ ಮಾತ್ರ ಇನ್ನೂ ಪ್ಲಗಿನ್‌ನ ಹೊರಗಿದೆ. ಒಳಗೆ ತರಲು ಎರಡು ಬಾರಿ ಹೊರಟಿದ್ದೆ. ಇಡೀ ತಂತ್ರಾಂಶದಲ್ಲಿ ಅದಕ್ಕಿರುವುದು ಒಂದು ಗುಂಡಿ, ಅದರ ಹಿಂದೆ ಒಂದು ಸಾಲು. ಹಾಗೆಯೇ ಬಿಟ್ಟಿದ್ದೇನೆ.